ಟೀವಿಯ ಯಾವ ಕಾಲ ಬೆಸ್ಟ್ ಅಂತ ತೀರ್ಮಾನ ಮಾಡೋದು ಹೇಗೆ: ಭಾನುವಾರ ಬಿಡಿ, ಮಂಗಳವಾರ ಹಿಡೀರಿ

ನಮ್ಮನೇಲಿ ಯಾವ ಹಬ್ಬಕ್ಕೆ ಜನ ಸೇರಿದ್ರೂ ಊಟ ಮುಗ್ದು ಕವಳದ (ಎಲೆ ಅಡಿಕೆ) ತಟ್ಟೆ ಜಗುಲಿಗೆ ಬರೋ ಹೊತ್ತಿಗೆ ಈ ಮಾತು ಬಂದೇ ಬರತ್ತೆ. ಟೀವಿ ಅಂದ್ರೆ ಆಗಿಂದು ಮಾರಾಯ್ರೆ, ಈಗ ಏನಿದೆ ಅಂತ ಒಬ್ರು, ಆಗ ನೋಡೋಕೆ ಇದ್ದಿದ್ದೇ ಒಂದು ಚಾನೆಲ್ಲು ಅದ್ರಲ್ಲೂ ಅರ್ಧ ಹೊತ್ತು ನುಸಿ ಅಂತ ಇನ್ನೊಬ್ರು, ಮಧ್ಯದಲ್ಲಿ ನಮ್ಮ ಚಿಕ್ಕಮ್ಮ ಈಟೀವಿ ಕಾಲದ ಸೀರಿಯಲ್ ಹೆಸರು ಒಂದೊಂದಾಗಿ ಹೇಳ್ತಾ ಹೋಗ್ತಾರೆ, ಹುಡುಗ್ರು ಮೊಬೈಲಿಂದ ತಲೆ ಎತ್ತೋದೇ ಇಲ್ಲ. ಇಪ್ಪತ್ತು ವರ್ಷದಿಂದ ಇದೇ ಚರ್ಚೆ, ಒಂದು ಸಲಾನೂ ಮುಗಿದಿಲ್ಲ. ಯಾಕೆ ಮುಗಿಯಲ್ಲ ಅಂತ ಯೋಚ್ನೆ ಮಾಡಿದಾಗ ನಂಗೆ ಹೊಳೆದಿದ್ದು ಇಷ್ಟು, ಪ್ರತಿಯೊಬ್ರೂ ತಮ್ಮ ಕಾಲದ ಅತ್ಯುತ್ತಮ ಭಾನುವಾರನ ತಂದು ಎದುರಿನವರ ಕಾಲದ ಅತಿ ಕೆಟ್ಟ ಮಂಗಳವಾರದ ಪಕ್ಕ ಇಡ್ತಾರೆ. ಹಾಗೆ ಇಟ್ರೆ ಯಾರು ಬೇಕಾದ್ರೂ ಗೆಲ್ತಾರೆ. ಸರಿಯಾಗಿ ಹೋಲಿಸೋಕೆ ನಾನು ಒಂದು ಕ್ರಮ ಮಾಡ್ಕೊಂಡಿದೀನಿ, ಅದನ್ನ ಇಲ್ಲಿ ಬರೀತೀನಿ, ನೀವೂ ಮನೇಲಿ ಮಾಡಿ ನೋಡಿ.

ಮೊದಲ್ನೇ ಕೆಲಸ, ಕಾಲಗಳನ್ನ ನಿಮ್ಮ ಮನೆ ಲೆಕ್ಕದಲ್ಲಿ ಗೆರೆ ಹಾಕಿ ಬರ್ಕೊಳ್ಳಿ, ಬೆಂಗಳೂರಿನ ಲೆಕ್ಕದಲ್ಲಿ ಅಲ್ಲ, ದೆಹಲಿ ಲೆಕ್ಕದಲ್ಲಂತೂ ಅಲ್ಲವೇ ಅಲ್ಲ. ದೇಶದ ಇತಿಹಾಸ ಎಲ್ಲರಿಗೂ ಗೊತ್ತಿರೋದೇ, 1959ರ ಸೆಪ್ಟೆಂಬರ್ 15ಕ್ಕೆ ದೆಹಲಿಯಲ್ಲಿ ಪ್ರಯೋಗ ಅಂತ ಶುರುವಾಯ್ತು, 1976ರಲ್ಲಿ ದೂರದರ್ಶನ ಆಕಾಶವಾಣಿಯಿಂದ ಬೇರೆ ಆಯ್ತು, 1982ರಲ್ಲಿ ಏಷ್ಯನ್ ಗೇಮ್ಸ್ ವರ್ಷ ಬಣ್ಣ ಬಂತು. ನಮ್ಮ ರಾಜ್ಯದ ಮಟ್ಟಿಗೆ 1975-76ರಲ್ಲೇ ಉಪಗ್ರಹದಿಂದ ಹಳ್ಳಿಗೆ ನೇರವಾಗಿ ಟೀವಿ ತೋರಿಸೋ ಪ್ರಯೋಗ ನಡೆದಿತ್ತು, ಆದ್ರೆ ಅದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಕಡೆ, ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಅದರ ಗಾಳಿಯೂ ಸೋಕಿಲ್ಲ. ನಮ್ಮಂಥ ಊರುಗಳಿಗೆ ಟೀವಿ ಅಂತ ಬಂದಿದ್ದು 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಮೇಲೆ ಹೋಗಿ, ಅದರಿಂದ ಸಿಗ್ನಲ್ ಇಳಿಸ್ಕೊಂಡು ಮರುಪ್ರಸಾರ ಮಾಡೋ ಸಣ್ಣ ಸಣ್ಣ ಟ್ರಾನ್ಸ್‌ಮಿಟರ್‌ಗಳನ್ನ ದೇಶದ ತುಂಬ ನಿಲ್ಸೋಕೆ ಶುರು ಮಾಡಿದ ಮೇಲೆ. ಆ ಸಣ್ಣ ಟ್ರಾನ್ಸ್‌ಮಿಟರ್‌ ಶಕ್ತಿ ಪೇಟೆ ದಾಟಿ ಸ್ವಲ್ಪ ದೂರ ಅಷ್ಟೆ. ಘಟ್ಟದ ಮೇಲೆ ಶಿರಸಿ ಪೇಟೇಲಿ ಚಿತ್ರ ಚೆಂದ ಬಂದ್ರೂ ಅಲ್ಲಿಂದ ಮೂರು ಗುಡ್ಡ ಇಳಿದು ಅಡಿಕೆ ತೋಟದ ತಗ್ಗಲ್ಲಿದ್ದ ಮನೆಗೆ ಬರ್ತಿರಲಿಲ್ಲ, ಯಾಕಂದ್ರೆ ಆ ಅಲೆಗಳು ಹೆಚ್ಚು ಕಡಿಮೆ ನೇರ ಗೆರೇಲಿ ಹೋಗೋವು, ಗುಡ್ಡ ಅಡ್ಡ ಬಂದ್ರೆ ಮುಗೀತು.

ಅಮ್ಮನ ತವರು ಅಂಥದ್ದೇ ಒಂದು ತಗ್ಗಿನ ಮನೆ. ಅಲ್ಲಿ ಎರಡು ಬಿದಿರು ಗಳಕ್ಕೆ ಗಳ ಕಟ್ಟಿ ಅದರ ತುದಿಗೆ ಆಂಟೆನಾ ಬಿಗಿದಿದ್ರು, ಗಾಳಿ ಬಂದ್ರೆ ಅದು ತಿರುಗೋದು, ಮಾವ ಅಂಗಳದಲ್ಲಿ ನಿಂತು ಗಳ ತಿರುಗ್ಸೋದು, ಒಬ್ರು ಜಗುಲಿ ಬಾಗಿಲಲ್ಲಿ, ಒಬ್ರು ಒಳಗೆ ಟೀವಿ ಮುಂದೆ, ಬಂತು ಬಂತು, ಹೋಯ್ತು, ಸ್ವಲ್ಪ ಬಡಗು ದಿಕ್ಕಿಗೆ, ಹಾಂ ಅಲ್ಲೇ ಬಿಡಿ ಅಂತ ಮಾತು ಒಳಗಿಂದ ಹೊರಗೆ ದಾಟ್ತಿತ್ತು. ನಮ್ಮ ಕಾರವಾರದ ಮನೇಲಿ ತೊಂದ್ರೆ ಬೇರೆ ಥರ. ಗುಡ್ಡ ಅಡ್ಡ ಇರ್ಲಿಲ್ಲ, ಗೋವಾ ಕಡೆ ತಿರುಗಿಸಿದ್ರೆ ಅಲ್ಲಿಂದೂ ಒಂದಿಷ್ಟು ಸಿಕ್ತಿತ್ತು, ಕೊಂಕಣಿ ಕಾರ್ಯಕ್ರಮ ಬಂದ್ರೆ ಕೇರಿಯವರೆಲ್ಲ ಖುಷಿ, ಆದ್ರೆ ಉಪ್ಪು ಗಾಳಿಗೆ ಅಲ್ಯುಮಿನಿಯಂ ಕಡ್ಡಿ ಮೇಲೆ ಬಿಳಿ ಹಿಟ್ಟು ಕಟ್ಟೋದು, ವಯರ್ ಜಾಯಿಂಟು ಹಸಿರಾಗಿ ತಿಂದು ಹೋಗೋದು, ಪ್ರತಿ ಮಳೆಗಾಲದ ಮುಂಚೆ ಮರಳು ಕಾಗದ ಹಾಕಿ ಉಜ್ಜಿ ಜಾಯಿಂಟ್ ಹೊಸದಾಗಿ ಕಟ್ಟದಿದ್ರೆ ಚಿತ್ರದ ಪಕ್ಕ ಇನ್ನೊಂದು ನೆರಳು ಚಿತ್ರ ಬರೋದು. ಇದನ್ನೆಲ್ಲ ಯಾಕೆ ಹೇಳ್ದೆ ಅಂದ್ರೆ ಒಂದೇ ವರ್ಷ, ಒಂದೇ ಕಾರ್ಯಕ್ರಮ, ಆದ್ರೆ ಕಾರವಾರದ ಮನೆಗೂ ಶಿರಸಿ ಪೇಟೆ ಮನೆಗೂ ತೋಟದ ಮನೆಗೂ ಅದು ಬೇರೆ ಬೇರೆ ಕಾಲ. ಹಾಗಾಗಿ ಹಾಳೆ ಮೇಲೆ ಬರೀರಿ, ನಮ್ಮನೆಗೆ ಟೀವಿ ಬಂದಿದ್ದು ಯಾವಾಗ, ಕೇಬಲ್ ಅಥವಾ ದೊಡ್ಡ ಡಿಶ್ ಬಂದಿದ್ದು ಯಾವಾಗ, ಸಣ್ಣ ಡಿಶ್ ಯಾವಾಗ, ಮೊಬೈಲಲ್ಲಿ ನೋಡೋಕೆ ಶುರು ಮಾಡಿದ್ದು ಯಾವಾಗ. ನಾಲ್ಕು ಗೆರೆ ಬಿದ್ರೆ ನಾಲ್ಕು ಕಾಲ ಸಿಕ್ತು. ನೆನಪಾಗದಿದ್ರೆ ಯಾರ ಮದುವೆ ಮುಂಚೆಯೋ ಆಮೇಲೋ ಅಂತ ಕೇಳಿ, ಮನೆಯವರಿಗೆ ತಾರೀಕು ಹಾಗೇ ನೆನಪಾಗೋದು.

ಎರಡನೇದು ಮುಖ್ಯವಾದದ್ದು, ಶೀರ್ಷಿಕೇಲೇ ಹೇಳಿದೀನಿ. ಪ್ರತಿ ಕಾಲದಿಂದ ಒಂದು ಸಾಮಾನ್ಯ ದಿನ ತಗೊಳ್ಳಿ. ಮಂಗಳವಾರ ಅಂದಿದ್ದು ಸುಮ್ನೆ ಒಂದು ಹೆಸರಿಗೆ, ಯಾವ ವಾರ ಆದ್ರೂ ಅಡ್ಡಿಲ್ಲ, ಹಬ್ಬ, ರಜೆ, ಮ್ಯಾಚ್, ಭಾನುವಾರ ಇವು ಬೇಡ. ಯಾಕಂದ್ರೆ ಎಂಬತ್ತರ ದಶಕದ ಭಾನುವಾರನ ಯಾರೂ ಸೋಲಿಸೋಕೆ ಆಗಲ್ಲ. 1987ರ ಜನವರಿ 25ಕ್ಕೆ ರಾಮಾಯಣ ಶುರುವಾಯ್ತು, 78 ಕಂತು, ಅದು ಮುಗಿದು ಸ್ವಲ್ಪ ದಿನಕ್ಕೆ 1988ರ ಅಕ್ಟೋಬರ್‌ನಲ್ಲಿ ಮಹಾಭಾರತ, 94 ಕಂತು, 1990ರ ತನಕ. ಹತ್ತು ಮನೆಗೆ ಒಂದು ಟೀವಿ, ಆ ಒಂದು ಮನೆ ಜಗುಲಿ ತುಂಬ ಜನ, ಚಪ್ಪಲಿ ರಾಶಿ ಅಂಗಳದ ತನಕ. ಅದನ್ನ ಅಳೆಯೋಕೆ ಹೋದ್ರೆ ನೀವು ಟೀವಿ ಅಳೀತಿಲ್ಲ, ಜಾತ್ರೆ ಅಳೀತಿದೀರಿ. ಅದೇ ವಾರದ ಮಂಗಳವಾರ ಟೀವಿ ಹಾಕಿದ್ರೆ ಏನಿತ್ತು? ಅಮ್ಮನ ತವರುಮನೆ ಮೆತ್ತಿನ ಮೇಲಿದ್ದ ಒಂದು ಕಬ್ಬಿಣದ ಪೆಟ್ಟಿಗೆ ತಳದಲ್ಲಿ ಹಾಸಿದ್ದ ಹಳೇ ಪೇಪರ್ ನಂಗೆ ಸಿಕ್ತು, ಅದ್ರಲ್ಲಿ ಆ ದಿನದ ಟೀವಿ ಕಾರ್ಯಕ್ರಮದ ಪಟ್ಟಿ ಇತ್ತು, ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಸಣ್ಣದು. ಸಂಜೆಯಿಂದ ರಾತ್ರಿ ತನಕ ಅಷ್ಟೇ, ವಾರ್ತೆ ಒಂದೆರಡು ಸಲ, ಕೃಷಿ, ಯಾವುದೋ ಚರ್ಚೆ. ನಿಮ್ಮನೇಲೂ ಅಟ್ಟ, ಪೆಟ್ಟಿಗೆ, ಕಪಾಟಿನ ತಳ ನೋಡಿ, ಇಂಥ ಪೇಪರ್ ಸಿಕ್ಕೇ ಸಿಗತ್ತೆ, ಅದು ನೆನಪಿಗಿಂತ ಸಾವಿರ ಪಾಲು ಒಳ್ಳೇ ಸಾಕ್ಷಿ. ನೆನಪು ಒಳ್ಳೇದನ್ನ ಮಾತ್ರ ಇಟ್ಕೊಂಡು ಉಳಿದಿದ್ದನ್ನ ಬಿಟ್ಟುಬಿಡತ್ತೆ, ಪೇಪರ್ ಹಾಗೆ ಮಾಡಲ್ಲ.

ಈಗಿನ ಕಾಲಕ್ಕೂ ಇದೇ ನ್ಯಾಯ ಇರಬೇಕು. ಈಗಿನ ಟೀವಿ ಕೆಟ್ಟು ಹೋಗಿದೆ ಅನ್ನೋವ್ರು ಒಂದು ಸೀರಿಯಲ್‌ನ ಒಂದು ಜಗಳದ ದೃಶ್ಯ ಹೇಳಿ ಮುಗಿಸ್ತಾರೆ, ಅದು ಸರಿಯಲ್ಲ. ಒಂದು ಮಂಗಳವಾರ ಸಂಜೆ ಆರರಿಂದ ಹತ್ತರ ತನಕ ಕೂತು ಏನೇನು ಬಂತು ಅಂತ ಪೂರ್ತಿ ಬರ್ಕೊಳ್ಳಿ, ಜಾಹೀರಾತು ಸಮೇತ. ಹಾಗೆ ಬರ್ಕೊಂಡಾಗಲೇ ನಂಗೆ ಗೊತ್ತಾಗಿದ್ದು ದೂರದರ್ಶನ ಚಂದನದ ಥಟ್ ಅಂತ ಹೇಳಿ ಎಂಥಾ ದೊಡ್ಡ ಕೆಲಸ ಅಂತ. 2002ರಿಂದ ನಡ್ಕೊಂಡು ಬಂದಿರೋ ಕ್ವಿಜ್, ಡಾಕ್ಟರ್ ನಾ. ಸೋಮೇಶ್ವರ ಅವರು ನಡೆಸೋದು, ಸರಿ ಉತ್ತರಕ್ಕೆ ಪುಸ್ತಕ ಬಹುಮಾನ, ಕೂಗಾಟ ಇಲ್ಲ, ಅಳು ಇಲ್ಲ, ಸಾವಿರಾರು ಕಂತು. ಭಾನುವಾರದ ಲೆಕ್ಕದಲ್ಲಿ ಇದರ ಹೆಸರು ಯಾರೂ ಎತ್ತಲ್ಲ, ಮಾಮೂಲಿ ದಿನದ ಲೆಕ್ಕ ಹಾಕಿದ್ರೆ ಮೇಲಿಂದ ಮೊದಲ್ನೇ ಸಾಲಲ್ಲಿ ನಿಲ್ಲತ್ತೆ.

ಮೂರನೇದು ಕನ್ನಡ. ನನ್ನ ಪ್ರಕಾರ ಇದಕ್ಕೆ ಉಳಿದೆಲ್ಲದಕ್ಕಿಂತ ಜಾಸ್ತಿ ಮಾರ್ಕ್ಸ್ ಇಡಬೇಕು, ಯಾಕೆ ಅಂತ ಹೇಳ್ತೀನಿ. ಆ ಸಣ್ಣ ಟ್ರಾನ್ಸ್‌ಮಿಟರ್‌ಗಳು ಮೊದಮೊದಲು ಇಳಿಸಿ ಕೊಡ್ತಿದ್ದಿದ್ದು ದೆಹಲಿ ಕಾರ್ಯಕ್ರಮ, ಅಂದ್ರೆ ಹಿಂದಿ. ಕಾರವಾರದಲ್ಲಿ ಅಷ್ಟು ಕಷ್ಟ ಆಗ್ಲಿಲ್ಲ, ಕೊಂಕಣಿ ಮರಾಠಿ ಕಿವಿಗೆ ಬಿದ್ದು ಅಭ್ಯಾಸ ಇದ್ದವರು ಹಿಂದಿ ಹೇಗೋ ಹಿಡ್ಕೊಳ್ತಿದ್ರು. ತೋಟದ ಮನೇಲಿ ಹಾಗಲ್ಲ. ಅಜ್ಜಿಗೆ ಮಹಾಭಾರತ ಪೂರ್ತಿ ಗೊತ್ತು, ಯಕ್ಷಗಾನದಲ್ಲಿ ನೋಡಿ ನೋಡಿ ಪದ್ಯ ಸಮೇತ ಬಾಯಲ್ಲಿದೆ, ಟೀವಿಯಲ್ಲಿ ಭೀಷ್ಮ ಬಂದು ಮಾತಾಡಿದ್ರೆ ಮಾತು ಅರ್ಥ ಆಗ್ತಿರಲಿಲ್ಲ, ಪಕ್ಕದಲ್ಲಿ ಕೂತ ಹೈಸ್ಕೂಲ್ ಹುಡುಗ ಅರ್ಧಂಬರ್ಧ ಅನುವಾದ ಮಾಡ್ತಿದ್ದ, ಅವಳು ಅವನಿಗೇ ತಿದ್ದಿ ಹೇಳ್ತಿದ್ಲು, ಹಾಗಲ್ಲ ಮಾಣಿ, ಇಲ್ಲಿ ಅವ ಹೀಗೆ ಹೇಳಿರ್ತಾನೆ ಅಂತ. ಇನ್ನೊಂದು ಉದಾಹರಣೆ ಮಾಲ್ಗುಡಿ ಡೇಸ್, 1986ರದ್ದು. ನಿರ್ದೇಶನ ನಮ್ಮ ಹೊನ್ನಾವರದ ಕಡೆ ಮನೆತನದ ಶಂಕರ್ ನಾಗ್, ತೆಗೆದಿದ್ದು ಆಗುಂಬೇಲಿ, ಆ ಹಂಚಿನ ಮನೆ ಆ ಮಳೆ ಎಲ್ಲ ನಮ್ಮ ಘಟ್ಟದ್ದೇ, ಎಷ್ಟೋ ಜನ ಕನ್ನಡದ ನಟರು, ಆದ್ರೆ ಬಾಯಿ ಬಿಟ್ರೆ ಹಿಂದಿ. ಅದು ಒಳ್ಳೇದಲ್ಲ ಅಂತ ನಾನು ಹೇಳ್ತಿಲ್ಲ, ಅಷ್ಟು ಒಳ್ಳೇದು ಇವತ್ತಿಗೂ ಕಮ್ಮಿ. ಆದ್ರೆ ನಮ್ಮ ಜನ ನಮ್ಮ ಊರಲ್ಲಿ ನಿಂತು ನಮಗೆ ಅರ್ಥ ಆಗದ ಭಾಷೇಲಿ ಮಾತಾಡಿದ ಕಾಲ ಅದು, ಮಾರ್ಕ್ಸ್ ಕೊಡುವಾಗ ಅದನ್ನ ನೆನಪಿಡಿ.

ಹಾಗಾಗಿ ನಿಮ್ಮ ಹಾಳೇಲಿ ಪ್ರತಿ ಕಾಲದ ಮುಂದೆ ಆ ಸಾಮಾನ್ಯ ದಿನ ಎಷ್ಟು ಹೊತ್ತು ಕನ್ನಡ ಬರ್ತಿತ್ತು ಅಂತ ಬರೀರಿ. ಉದಯ ಟೀವಿ 1994ರ ಜೂನ್‌ನಲ್ಲಿ ಬಂತು, ಕನ್ನಡದ ಮೊದಲ ಖಾಸಗಿ ಚಾನೆಲ್, ಈಟೀವಿ ಕನ್ನಡ 2000ದ ಡಿಸೆಂಬರ್, ಜೀ ಕನ್ನಡ 2006, ಮರುವರ್ಷ ಸುವರ್ಣ. ಆ ಅಂಕಣ ನೋಡಿದ್ರೆ 1994ಕ್ಕೆ ಮುಂಚೆ ಖಾಲಿ ಖಾಲಿ, ಆಮೇಲೆ ಒಮ್ಮೆಲೇ ತುಂಬತ್ತೆ. ಜೊತೆಗೆ ಇನ್ನೊಂದು ಪ್ರಶ್ನೆ, ಯಾವ ಕನ್ನಡ? ವೈಶಾಲಿ ಕಾಸರವಳ್ಳಿ ಅವರ ಮೂಡಲಮನೆ ಸೀರಿಯಲ್‌ನಲ್ಲಿ ಉತ್ತರ ಕರ್ನಾಟಕದ ಮಾತು ಪೂರ್ತಿ ಮರ್ಯಾದೆಯಿಂದ ಬಂತು, ಸದಾನಂದ ಸುವರ್ಣರ ಗುಡ್ಡದ ಭೂತದಲ್ಲಿ ತುಳುನಾಡು ಬಂತು. ನಮ್ಮ ಕಾರವಾರ, ಅಂಕೋಲಾ, ಶಿರಸಿಯ ಮಾತಿಗೆ ಅಂಥ ಯೋಗ ಯಾವ ಕಾಲದಲ್ಲೂ ಸರಿಯಾಗಿ ಬರ್ಲಿಲ್ಲ, ಈ ನೋವು ನಂಗೆ ಇದೆ, ನಾಲ್ಕೂ ಕಾಲಕ್ಕೂ ಇದ್ರಲ್ಲಿ ಮಾರ್ಕ್ಸ್ ಕಟ್.

ನಾಲ್ಕನೇದಕ್ಕೆ ಕೈಯಲ್ಲಿ ಗಡಿಯಾರ ಬೇಕು. ಒಂದು ಕಂತು ನೋಡಿ, ಕತೆ ಎಷ್ಟು ಮುಂದೆ ಹೋಯ್ತು ಅಂತ ಲೆಕ್ಕ ಹಾಕಿ. ಆಗೆಲ್ಲ ದೂರದರ್ಶನದಲ್ಲಿ 13 ಕಂತಿಗೆ ಅಂತ ಮಂಜೂರು ಆಗೋದು, ವಾರಕ್ಕೊಂದು, ಅಷ್ಟರಲ್ಲಿ ಕತೆ ಹೇಳಿ ಮುಗಿಸಬೇಕು. ಈಗ ವಾರಕ್ಕೆ ಆರು ಕಂತು ಅಂದ್ರೆ ವರ್ಷಕ್ಕೆ 312, ಮೂರು ವರ್ಷ ಓಡಿದ್ರೆ 900 ದಾಟತ್ತೆ. ಅಷ್ಟು ಉದ್ದಕ್ಕೆ ಎಳೆಯೋಕೆ ಹೋದಾಗ ಏನಾಗತ್ತೆ ಅಂತ ನಾನೇ ಕೂತು ನೋಡಿದೆ. ಒಂದು ಕಂತು, ಹೆಸರು ಬೇಡ, ಅತ್ತೆ ಬಾಗಿಲಲ್ಲಿ ನಿಂತಿದಾಳೆ, ಸೊಸೆ ಕೈಯಿಂದ ಕಾಫಿ ಲೋಟ ಜಾರತ್ತೆ, ಲೋಟ ಬೀಳೋದನ್ನ ಮೂರು ಕಡೆಯಿಂದ ತೋರಿಸ್ತಾರೆ, ಆಮೇಲೆ ಮನೆಯ ಒಬ್ಬೊಬ್ರ ಮುಖ, ಅಷ್ಟೊತ್ತಿಗೆ ಬ್ರೇಕು, ಬ್ರೇಕ್ ಮುಗಿದು ಬಂದ್ರೆ ಲೋಟ ಮತ್ತೆ ಬೀಳತ್ತೆ. ಅಮ್ಮ ಅಷ್ಟರಲ್ಲಿ ಒಳಗೆ ಹೋಗಿ ಅಕ್ಕಿ ತೊಳೆದು ಇಟ್ಟು ಬಂದ್ರು, ಕತೆ ಅಲ್ಲೇ ಇತ್ತು. ಇದಕ್ಕೆ ನಟರನ್ನ ಬರೆಯೋವ್ರನ್ನ ಬೈಯೋದು ತಪ್ಪು, ದಿನಾ ಒಂದು ಕಂತು ತಯಾರಿ ಮಾಡಿ ಕೊಡೋ ಒತ್ತಡ ಯಾರನ್ನಾದ್ರೂ ಹೀಗೆ ಮಾಡತ್ತೆ. ಆದ್ರೆ ದಿನಾ ಬಂದೂ ಕತೆ ಓಡಿಸಬಹುದು ಅಂತ ಟಿ.ಎನ್. ಸೀತಾರಾಮ್ ಅವರ ಮಾಯಾಮೃಗ, ಮನ್ವಂತರ, ಮುಕ್ತ ತೋರಿಸಿದ್ವು. ಮುಕ್ತದ ಕೋರ್ಟ್ ಸೀನ್ ದಿನ ನಮ್ಮ ಓಣೀಲಿ ಮರುದಿನ ಬೆಳಿಗ್ಗೆ ಮೀನು ತಗೊಳ್ಳೋ ಜಾಗದಲ್ಲೂ ಅದೇ ವಾದ ನಡೀತಿತ್ತು, ಲಾಯರ್ ಸಿಎಸ್‌ಪಿ ಹಾಗೆ ಕೇಳಿದ್ದು ಸರಿಯೋ ತಪ್ಪೋ ಅಂತ.

ಮಳೆ ಮರೀಬೇಡಿ. ಬಯಲುಸೀಮೆಯವರಿಗೆ ಇದು ಲೆಕ್ಕಕ್ಕೆ ಬರ್ಲಿಕ್ಕಿಲ್ಲ, ನಮಗೆ ವರ್ಷದಲ್ಲಿ ನಾಲ್ಕು ತಿಂಗಳು ಇದೇ ಜೀವನ. ತೊಂಬತ್ತರ ದಶಕದಲ್ಲಿ ಅಂಗಳದಲ್ಲಿ ನಿಲ್ಸ್ತಿದ್ದ ಆ ದೊಡ್ಡ ಜಾಲರಿ ಡಿಶ್ ನೆನಪಿದೆಯಲ್ಲ, ಕೋಳಿ ಮರಿ ಅದರ ಕೆಳಗೆ ಮಳೆಗೆ ನಿಲ್ತಿದ್ವು, ಅದು ಹಿಡೀತಿದ್ದಿದ್ದು ಸಿ ಬ್ಯಾಂಡ್ ಅನ್ನೋ ಅಲೆ, ಸುಮಾರು 4 ಗಿಗಾಹರ್ಟ್ಸ್. ಈಗಿನ ಗೋಡೆ ಮೇಲಿನ ಸಣ್ಣ ಡಿಶ್ ಕೆಯು ಬ್ಯಾಂಡ್, 11-12 ಗಿಗಾಹರ್ಟ್ಸ್, ಅದರ ಅಲೆ ಎರಡೂವರೆ ಸೆಂಟಿಮೀಟರ್ ಅಷ್ಟೇ ಉದ್ದ, ಜೋರು ಮಳೆ ಹನಿ ಅದನ್ನ ಹೀರ್ಕೊಂಡು ಚದುರಿಸಿ ಬಿಡತ್ತೆ, ಸಿ ಬ್ಯಾಂಡ್ ಅಲೆ ಅದರ ಮೂರು ಪಟ್ಟು ಉದ್ದ, ಮಳೆ ಅಷ್ಟು ತಟ್ಟಲ್ಲ. ಆಷಾಢದಲ್ಲಿ ಹೊರಗೆ ಕಾಲಿಡೋಕೆ ಆಗದೇ ಮನೆಯಲ್ಲಿ ಕೂತಿದ್ದಾಗಲೇ ಸಿಗ್ನಲ್ ಇಲ್ಲ ಅಂತ ಬಂದ್ರೆ ಎಷ್ಟು ಚಾನೆಲ್ ಇದ್ದು ಏನು. ಹಾಗಾಗಿ ನಿಮ್ಮ ಸಾಮಾನ್ಯ ದಿನ ಜುಲೈ ತಿಂಗಳಿಂದೇ ಒಂದು ಇರಲಿ. ದುಡ್ಡಿನ ವಿಷಯ ಬೇಗ ಹೇಳಿ ಮುಗಿಸ್ತೀನಿ, ಆಂಟೆನಾ ಕಾಲದಲ್ಲಿ ತಿಂಗಳ ಖರ್ಚು ಇರ್ಲಿಲ್ಲ, 2019ರ ಫೆಬ್ರವರಿಯಲ್ಲಿ 100 ಚಾನೆಲ್‌ಗೆ 130 ರೂಪಾಯಿ ಪ್ಲಸ್ ತೆರಿಗೆ, ಮೇಲೆ ಬೇಕಾದ ಚಾನೆಲ್‌ಗೆ ಬೇರೆ ದುಡ್ಡು ಅಂತ ಆಯ್ತು, ಈಗ ಅದರ ಜೊತೆ ಮೊಬೈಲ್ ಡೇಟಾ, ಆ್ಯಪ್ ದುಡ್ಡು ಕೂಡಿಸಿ ನೋಡಿ.

ಒಂದು ಎಚ್ಚರಿಕೆ. 2020ರ ಲಾಕ್‌ಡೌನ್‌ನಲ್ಲಿ ಮಾರ್ಚ್ 28ರಿಂದ ರಾಮಾಯಣ ಮತ್ತೆ ಹಾಕಿದ್ರಲ್ಲ, ಏಪ್ರಿಲ್ 16ರ ಕಂತನ್ನ 7.7 ಕೋಟಿ ಜನ ನೋಡಿದ್ರು ಅಂತ ದೂರದರ್ಶನ ಹೇಳ್ತು. ಹಳೇದೇ ಬೆಸ್ಟ್ ಅನ್ನೋವ್ರು ಈ ನಂಬರ್ ಹಿಡ್ಕೊಂಡು ಬರ್ತಾರೆ. ಆದ್ರೆ ಆಗ ಹೊರಗೆ ಹೋಗೋ ಹಾಗಿರಲಿಲ್ಲ, ಹೊಸ ಶೂಟಿಂಗ್ ನಿಂತಿತ್ತು, ಅದು ಹೋಲಿಕೆ ಮಾಡೋಕೆ ಸರಿಯಾದ ದಿನ ಅಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಹೊಸ ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಸುವರ್ಣದಲ್ಲಿ ಬಂತು, ಮೂವತ್ತು ವರ್ಷದ ಹಿಂದೆ ಅಜ್ಜಿಗೆ ಸಿಗದಿದ್ದು ಅಮ್ಮನಿಗೆ ಸಿಕ್ತು, ಕೃಷ್ಣ ಕನ್ನಡದಲ್ಲಿ ಮಾತಾಡಿದ. ಅಮ್ಮ ಮೊದಲ ಕಂತು ನೋಡ್ತಾ ನೋಡ್ತಾ, ಆಯಿ ಇದ್ದಿದ್ರೆ ಅಂದ್ರು, ಆಮೇಲೆ ಏನೂ ಮಾತಾಡ್ಲಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಮಾರ್ಕ್ಸ್ ಕೂಡಿಸಿ, ಆದ್ರೆ ಒಬ್ರೇ ಕೂಡಿಸಬೇಡಿ, ಮನೇಲಿ ಮೂರು ತಲೆಮಾರು ಇದ್ರೆ ಮೂವರಿಗೂ ಬೇರೆ ಬೇರೆ ಹಾಳೆ ಕೊಡಿ, ಒಬ್ರದ್ದು ಇನ್ನೊಬ್ರು ನೋಡೋ ಹಾಗಿಲ್ಲ. ನನ್ನ ಹಾಳೇಲಿ ಗೆದ್ದಿದ್ದು ಮಾಯಾಮೃಗ ಬಂದ 1998ರಿಂದ ಮುಂದಿನ ಎಂಟು ವರ್ಷ. ಕನ್ನಡ ತುಂಬ ಹೊತ್ತು ಬರ್ತಿತ್ತು, ಕತೆ ಓಡ್ತಿತ್ತು, ಮಂಗಳವಾರವೂ ನೋಡೋಕೆ ಏನೋ ಇತ್ತು, ಎದೆ ತುಂಬಿ ಹಾಡುವೆನು ಹಾಡಿನ ಕಾರ್ಯಕ್ರಮದಲ್ಲಿ ಗಾಯಕ ಎಸ್‌ಪಿಬಿ ಒಂದು ಮಗುವಿಗೆ ತಪ್ಪು ತಿದ್ದೋ ರೀತಿ ನೋಡಿ ನಾವು ದೊಡ್ಡವರು ಕಲಿತ್ವಿ, ಮನೇಲಿ ಒಂದೇ ಟೀವಿ ಆದ್ದರಿಂದ ಎಲ್ರೂ ಅದನ್ನೇ ನೋಡ್ತಿದ್ವಿ. ಅಮ್ಮನ ಹಾಳೇಲಿ ಗೆದ್ದಿದ್ದು ಈಗಿನ ಕಾಲ, ನಂಗೆ ಆಶ್ಚರ್ಯ ಆಯ್ತು, ಕೇಳಿದ್ರೆ ಚಿಟ್ಟಾಣಿಯವರ ಹಳೇ ಯಕ್ಷಗಾನ ಮೊಬೈಲಲ್ಲಿ ಬೇಕಾದಾಗ ಹಾಕ್ಕೊಂಡು, ಬೇಕಾದ ಪದ್ಯಕ್ಕೆ ಹಿಂದೆ ಎಳ್ಕೊಂಡು ನೋಡಬಹುದು, ಇದಕ್ಕಿಂತ ಇನ್ನೇನು ಬೇಕು ಅಂದ್ರು. ಅದೂ ಸರಿಯಾದ ಲೆಕ್ಕವೇ.

ಕೊನೇದಾಗಿ ಒಂದು ಕೆಲಸ, ಇದು ತಡ ಮಾಡಬಾರದು. ನಿಮ್ಮನೇಲಿ ಹಳೇ ವಿಸಿಆರ್ ಕ್ಯಾಸೆಟ್ ಇದ್ರೆ, ಮದುವೆದ್ದು ಮಾತ್ರ ಅಲ್ಲ, ಯಾರೋ ಟೀವಿಯಿಂದ ರೆಕಾರ್ಡ್ ಮಾಡಿದ್ದು, ಅದನ್ನ ಬಿಸಾಡಬೇಡಿ. ಅದ್ರಲ್ಲಿ ಕಾರ್ಯಕ್ರಮದ ಜೊತೆ ಮಧ್ಯದ ಜಾಹೀರಾತು, ವಾರ್ತೆಯ ತುಣುಕು, ಅಡಚಣೆಗಾಗಿ ಕ್ಷಮಿಸಿ ಅನ್ನೋ ಬೋರ್ಡು ಎಲ್ಲ ಉಳಿದಿರತ್ತೆ, ಅಂದ್ರೆ ಒಂದು ಪೂರ್ತಿ ಸಾಮಾನ್ಯ ದಿನ ಹಾಗೇ ಸಿಕ್ಕ ಹಾಗೆ, ಮೇಲೆ ಹೇಳಿದ ಪೇಪರ್‌ಗಿಂತಲೂ ಒಳ್ಳೇದು. ಆದ್ರೆ ನಮ್ಮ ಕಡೆ ತಂಡಿಗೆ ಟೇಪಿಗೆ ಬೂಷ್ಟು ಹಿಡಿದಿರತ್ತೆ. ಸಿಕ್ಕ ಕೂಡ್ಲೇ ಮಶೀನಿಗೆ ತುರುಕಬೇಡಿ, ಕ್ಯಾಸೆಟ್ಟಿನ ಪಕ್ಕದ ಸಣ್ಣ ಗುಂಡಿ ಒತ್ತಿ ಮುಚ್ಚಳ ಎತ್ತಿ ಟೇಪ್ ನೋಡಿ, ಕಿಟಕಿಯಿಂದ ಸುರುಳಿಯ ಅಂಚೂ ನೋಡಿ, ಬಿಳಿ ಚುಕ್ಕೆಯೋ ಹತ್ತಿಯಂಥದ್ದೋ ಕಂಡ್ರೆ ಅದು ಬೂಷ್ಟು, ಓಡಿಸಿದ್ರೆ ಟೇಪ್ ಹರಿಯತ್ತೆ, ಮಶೀನಿನ ಹೆಡ್ಡಿಗೂ ಹತ್ತತ್ತೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ. ಅಂಥದ್ದನ್ನ ಬೇರೆ ಇಟ್ಟು, ಒಣ ಡಬ್ಬೀಲಿ ಹಾಕಿ, ಟೇಪ್ ಕ್ಲೀನ್ ಮಾಡಿ ಡಿಜಿಟಲ್‌ಗೆ ಹಾಕಿ ಕೊಡೋವ್ರ ಹತ್ರ ಕೊಡಿ. ಚೊಕ್ಕ ಇದ್ದಿದ್ದನ್ನ ಮಳೆ ಶುರು ಆಗೋದ್ರೊಳಗೆ ಪೂರ್ತಿ ಕಾಪಿ ಮಾಡಿಸಿ, ಜಾಹೀರಾತು ಕತ್ತರಿಸಬೇಡಿ ಅಂತ ಮೊದಲೇ ಹೇಳಿ.